ಸಾವಿನ ಮನೆಗೆ ಹೋಗುವವರಿಗೆ ಕ್ಯೂ ಇಲ್ಲ

“ನಗಬೇಡ ಅಂದ್ನಲ್ಲ!” ಅಪ್ಪ ಹಲ್ಲು ಕಚ್ಚಿಕೊಂಡು ಹೇಳಿದ. “ಆ ಸ್ಕಾರ್ಫ್ ಹಣೆವರೆಗೂ ಎಳ್ಕೋ.”

ಬೆಗಾಯಿಮ್‌ಗೆ ನಗು ಬಂದದ್ದೇ ಆ ಸ್ಕಾರ್ಫಿನಿಂದ. ಅದು ಸ್ಕಾರ್ಫೂ ಅಲ್ಲ, ಅಪ್ಪ ಪಿಕಪ್ಪಿನ ಗಾಜು ಒರೆಸುವ ಕಪ್ಪು ಬಟ್ಟೆ. ಡೀಸೆಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

“ಯಾರಾದ್ರೂ ಏನಾದ್ರೂ ಕೇಳಿದ್ರೆ?”

“ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಅವರ ಮುಂದೆ ಗಡಿಯ ಗೇಟಿನವರೆಗೂ ಕಾರು, ವ್ಯಾನು, ಲಾರಿ. ಬೆಳಿಗ್ಗೆ ಆರಕ್ಕೆ ಬಂದು ನಿಂತವರು ಒಂಬತ್ತಾದರೂ ಹತ್ತು ಗಾಡಿಯಷ್ಟು ಕೂಡ ಮುಂದೆ ಹೋಗಿರಲಿಲ್ಲ. ಹೆಚ್ಚಿನವರು ಬಂದದ್ದು ಒಂದೇ ಕೆಲಸಕ್ಕೆ. ಗಡಿಯಾಚೆ ಕಜಕ್ ನಾಡಿನಲ್ಲಿ ಡೀಸೆಲ್ ಅಗ್ಗ. ಈಚೆ ಕಿರ್ಗಿಜ್ ಹಳ್ಳಿಗಳಲ್ಲಿ ಬೀನ್ಸ್ ಕಾಳಿನ ಸುಗ್ಗಿ ಬೇರೆ. ಊರಿನವರ ಮೂಟೆಗಳನ್ನೆಲ್ಲ ಪೇಟೆಗೆ ಸಾಗಿಸುವುದು ಅಪ್ಪನ ಪಿಕಪ್ಪು. ಮಧ್ಯಾಹ್ನದೊಳಗೆ ಬರದಿದ್ದರೆ ಬೇರೆ ಗಾಡಿ ಕರೆಸುತ್ತೇನೆ ಎಂದು ವ್ಯಾಪಾರಿ ಕಡ್ಡಿ ಮುರಿದಂತೆ ಹೇಳಿದ್ದ.

ಬೆಗಾಯಿಮ್ ಬಂದದ್ದು ಡೀಸೆಲ್ಲಿಗಲ್ಲ, ಅಜ್ಜಿಗೆ. ಅಮ್ಮನ ತವರು ಗಡಿಯಾಚೆಯ ಅಕ್‌ತೆರೆಕ್ ಹಳ್ಳಿ. ಅಜ್ಜಿಯನ್ನು ನೋಡಿ ಆರು ತಿಂಗಳಾಗಿತ್ತು. ಡೀಸೆಲ್ ತರಲು ಹೋದಾಗಲೆಲ್ಲ ಅಪ್ಪ “ಈ ಸಲ ಖಂಡಿತ” ಎನ್ನುತ್ತಿದ್ದ. ಅಂಥ ಖಂಡಿತಗಳು ಈಗಾಗಲೇ ಮೂರು ಆಗಿದ್ದವು.

ಸ್ವಲ್ಪ ಹೊತ್ತಿನ ಹಿಂದೆ ಪಕ್ಕದ ಮಣ್ಣು ದಾರಿಯಲ್ಲಿ ಒಂದು ಕಾರು ಬಂದಿತ್ತು. ಒಳಗೆ ಕಪ್ಪು ಸ್ಕಾರ್ಫಿನ ಹೆಂಗಸರು ಅಳುತ್ತಿದ್ದರು. ಯಾರೂ ಹಾರ್ನ್ ಮಾಡಲಿಲ್ಲ, ಯಾರೂ ಬೈಯಲಿಲ್ಲ. ಗಾಡಿಗಳನ್ನು ಅತ್ತಿತ್ತ ಸರಿಸಿ ದಾರಿ ಬಿಟ್ಟರು. ಸಾವಿನ ಮನೆಗೆ ಹೋಗುವವರಿಗೆ ಅಲ್ಲಿ ಕ್ಯೂ ಇಲ್ಲ. ಯಾವ ಬೋರ್ಡಿನಲ್ಲೂ ಬರೆದಿಲ್ಲ, ಆದರೂ ಎಲ್ಲರಿಗೂ ಗೊತ್ತು.

ಅಪ್ಪ ಆ ಕಾರು ಗೇಟು ದಾಟುವವರೆಗೂ ನೋಡಿದ್ದ. ಆಮೇಲೆ ಗಾಜು ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡಿದ್ದ.

ಈಗ ಅವನು ಪಿಕಪ್ಪನ್ನು ಮಣ್ಣು ದಾರಿಗೆ ಇಳಿಸಿ ಗೇಟಿನ ಹತ್ತಿರದವರೆಗೂ ತಂದು ನಿಲ್ಲಿಸಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಇಳಿದ.

“ಅಣ್ಣಂದಿರೇ, ದಾರಿ ಬಿಡ್ರಪ್ಪ. ನಮ್ಮತ್ತೆ ತೀರ್ಕೊಂಡ್ರು. ಮಣ್ಣಿಗೆ ಹೊತ್ತಾಗ್ತಿದೆ.”

ಅಪ್ಪನ ದನಿ ಸಣ್ಣಗೆ ನಡುಗಿತು. ಶಾಲೆಯ ನಾಟಕದಲ್ಲಿ ಕೂಡ ಯಾರಿಗೂ ಅಷ್ಟು ಚೆನ್ನಾಗಿ ಬರುವುದಿಲ್ಲ ಎಂದುಕೊಂಡಳು ಬೆಗಾಯಿಮ್.

ಸಿಗರೇಟು ಸೇದುತ್ತಿದ್ದವರು ಸಿಗರೇಟು ಎಸೆದರು. ಎಲ್ಲರೂ ಎರಡೂ ಅಂಗೈಯನ್ನು ಎದೆಯ ಮುಂದೆ ಹಿಡಿದು ಪ್ರಾರ್ಥಿಸಿ ಮುಖ ಸವರಿಕೊಂಡರು. “ಅವರ ಮಣ್ಣು ರೇಷ್ಮೆಯಾಗ್ಲಿ ತಮ್ಮಾ,” ಎಂದು ಒಬ್ಬಾತ ಅಪ್ಪನ ಹೆಗಲು ಹಿಡಿದ.

ಅಷ್ಟರಲ್ಲಿ ಒಂದು ವ್ಯಾನಿನಿಂದ ಒಬ್ಬಳು ಮುದುಕಿ ಇಳಿದು ನೇರವಾಗಿ ಬೆಗಾಯಿಮ್‌ಳ ಕಿಟಕಿಗೆ ಬಂದಳು. ಒಳಗೆ ಕೈ ಹಾಕಿ ಅವಳ ಕೆನ್ನೆ ಹಿಡಿದಳು.

“ಅಯ್ಯೋ ಕಂದಾ, ಅಜ್ಜಿ ಹೋದ್ಳಾ? ಯಾವೂರಮ್ಮ ನಿಮ್ಮಜ್ಜಿದು?”

ಬೀಗದ ಮಾತು ಮರೆತೇ ಹೋಯಿತು. “ಅಕ್‌ತೆರೆಕ್.”

“ಅಕ್‌ತೆರೆಕ್ಕಾ! ನಂದೂ ಅದೇ ಊರು. ಹೆಸ್ರೇನೇ?”

“ರಾಪಿಯಾ.”

ಮುದುಕಿಯ ಕೈ ಕೆನ್ನೆಯ ಮೇಲೆ ಹಾಗೇ ನಿಂತುಬಿಟ್ಟಿತು. “ನಮ್ಮ ರಾಪಿಯಾನಾ? ಹಾಲಿನ ಫಾರಂನಲ್ಲಿ ನನ್ ಜೊತೆ ಹಸು ಕರೀತಿದ್ದ ರಾಪಿಯಾನಾ? ಅಯ್ಯೋ ನನ್ ತಂಗಿ, ಹೇಳ್ದೆ ಕೇಳ್ದೆ ಹೊರಟೋದ್ಯೇನೇ…” ಎಂದು ಅಲ್ಲೇ ರಾಗ ತೆಗೆದು ಅತ್ತಳು.

ಅದು ನಾಟಕವಲ್ಲ. ಮುದುಕಿಯ ಕಣ್ಣೀರು ಬೆಗಾಯಿಮ್‌ಳ ಕೈಮೇಲೆ ಬಿಸಿಬಿಸಿಯಾಗಿ ಬಿತ್ತು. ಬೆಗಾಯಿಮ್‌ಗೂ ಅಳು ಬಂತು. ಯಾಕೆ ಬಂತೆಂದು ಅವಳಿಗೇ ಗೊತ್ತಾಗಲಿಲ್ಲ. ಅವಳು ಅತ್ತದ್ದು ಕಂಡು ಗೇಟಿನ ಸಿಪಾಯಿ ಕೂಡ ಪಾಸ್‌ಪೋರ್ಟಿಗೆ ಬೇಗ ಸೀಲು ಒತ್ತಿಸಿಕೊಟ್ಟ.

ಗೇಟು ದಾಟಿದ ಮೇಲೆ ಅಪ್ಪ ಟೋಪಿ ಹಾಕಿಕೊಂಡ. “ಭಲೇ ಮಗಳೇ! ನಿಜವಾಗ್ಲೂ ಅತ್ತುಬಿಟ್ಯಲ್ಲ!”

ಗಡಿಯಾಚೆ ರೋಮಿಂಗ್ ದುಡ್ಡು ನುಂಗುತ್ತದೆಂದು ಫೋನ್ ಆಫ್ ಮಾಡಿಟ್ಟ.

ಬಂಕಿನಲ್ಲೂ ಒಂದು ಗಂಟೆ ಕಾದರು. ಟ್ಯಾಂಕು ಕುತ್ತಿಗೆವರೆಗೂ ತುಂಬಿತು. ಅಪ್ಪ ಸಿಳ್ಳೆ ಹಾಕುತ್ತ ಅವಳಿಗೊಂದು ಐಸ್‌ಕ್ರೀಂ ತಂದುಕೊಟ್ಟ.

“ಈಗ ಅಜ್ಜಿ ಮನೆಗಾ?”

“ಇನ್ನೊಂದ್ಸಲ, ಪುಟ್ಟಾ.”

“ಅಪ್ಪಾ! ಬರೀ ಹದಿನೆಂಟು ಕಿಲೋಮೀಟರ್! ಅಲ್ಲಿ ಬೋರ್ಡಲ್ಲಿ ಬರ್ದಿದೆ ನೋಡು.”

“ಹೋಗೋಕೆ ಹದಿನೆಂಟು, ಬರೋಕೆ ಹದಿನೆಂಟು. ಅಗ್ಗದ ಡೀಸೆಲ್ ತಗೊಂಡು ಇಲ್ಲೇ ಸುಟ್ಟುಬಿಡೋದಾ? ವ್ಯಾಪಾರಿ ಬೇರೆ ಕಾಯ್ತಿದ್ದಾನೆ. ನಿಮ್ಮಜ್ಜಿ ಎಲ್ಲಿಗೆ ಹೋಗ್ತಾಳೆ? ಅಲ್ಲೇ ಇರ್ತಾಳೆ.”

ಐಸ್‌ಕ್ರೀಂ ಕರಗಿ ಬೆಗಾಯಿಮ್‌ಳ ಮೊಣಕೈವರೆಗೂ ಇಳಿಯಿತು.

ವಾಪಸ್ ಬರುವಾಗ ದಾರಿ ಆ ಕ್ಯೂ ಪಕ್ಕದಲ್ಲೇ ಹಾದುಹೋಗುತ್ತದೆ. ಬೆಳಿಗ್ಗೆ ಪ್ರಾರ್ಥಿಸಿದವರು ಬಿಸಿಲಲ್ಲಿ ಇನ್ನೂ ಅಲ್ಲೇ ನಿಂತಿದ್ದರು. “ಬಗ್ಗು, ಬಗ್ಗು,” ಎಂದ ಅಪ್ಪ. ಬೆಗಾಯಿಮ್ ಸೀಟಿನ ಕೆಳಗೆ ಕುಕ್ಕರಿಸಿ ಕುಳಿತಳು. ಅಪ್ಪನೂ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ. ಅವಳಿಗೆ ಕಂಡದ್ದು ಅಪ್ಪನ ಧೂಳು ಹಿಡಿದ ಬೂಟು ಮಾತ್ರ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಅಪ್ಪನ ಸುಳ್ಳಿಗೆ ಕಾಲೂ ಇತ್ತು, ಮುದುಕಿಯ ಕೈಲಿ ಮೊಬೈಲೂ ಇತ್ತು. ಅದು ಪಿಕಪ್ಪಿಗಿಂತ ಮುಂಚೆಯೇ ಮನೆ ಸೇರಿತ್ತು.

ಮನೆಯ ಗೇಟಿನ ಮುಂದೆ ಜನ. ಬಾಗಿಲಲ್ಲಿ ರಾಶಿ ರಾಶಿ ಚಪ್ಪಲಿ, ಬೂಟು. ಒಳಗಿನಿಂದ ಒಂದು ದನಿ ಬರುತ್ತಿತ್ತು. ಅದು ಅಮ್ಮನ ದನಿ ಎಂದು ತಿಳಿಯಲು ಬೆಗಾಯಿಮ್‌ಗೆ ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮ ಹಾಗೆ ಅತ್ತದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಪಕ್ಕದ ಮನೆಯ ಸಾಗಿನ್ ತಾತ ಅಪ್ಪನ ಹತ್ತಿರ ಓಡಿಬಂದ. “ಎಲ್ಲಿ ಹಾಳಾಗಿ ಹೋಗಿದ್ಯೋ ಕುಬಾನ್? ಫೋನೂ ಇಲ್ಲ! ನಿಮ್ಮತ್ತೆ ಹೋಗ್ಬಿಟ್ರಂತೆ ಕಣೋ, ಅವರೂರಿನವರು ಫೋನ್ ಮಾಡಿದ್ರು. ಅವರ ಮನೆಗೆ ಫೋನ್ ಮಾಡಿದ್ರೆ ಎತ್ತೋರಿಲ್ಲ. ಎಲ್ಲಾ ನಿನ್ ಗಾಡಿಗೇ ಕಾಯ್ತಿದೀವಿ. ಡೀಸೆಲ್ ಇದೆಯಾ?”

ಅಪ್ಪ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

“ಇದೆಯೋ ಇಲ್ವೋ ಹೇಳೋ!”

“ಇದೆ,” ಎಂದ ಅಪ್ಪ.

ಬೆಗಾಯಿಮ್ ಚಪ್ಪಲಿಗಳನ್ನು ದಾಟಿಕೊಂಡು ಒಳಗೆ ಓಡಿದಳು. ಅಮ್ಮ ಗೋಡೆಗೆ ಮುಖ ಮಾಡಿ ಕುಳಿತಿದ್ದಳು, ಸುತ್ತ ಹೆಂಗಸರು. “ನಿಂಗೆ ಕೊನೇ ಗುಟುಕು ನೀರೂ ಕೊಡ್ಲಿಲ್ವಲ್ಲಮ್ಮಾ, ಗಡಿ ಆಚೆ ಒಬ್ಳೇ ಹೋದ್ಯಲ್ಲಮ್ಮಾ…” ದುಃಖದಲ್ಲಿ ಉಗುರಿನಿಂದ ಗೀರಿಕೊಂಡು ಅಮ್ಮನ ಕೆನ್ನೆ ಕೆಂಪಾಗಿತ್ತು.

“ಅಮ್ಮಾ, ಅಜ್ಜಿ ಸತ್ತಿಲ್ಲ.”

ಯಾರಿಗೂ ಕೇಳಿಸಲಿಲ್ಲ. ಅವಳು ಅಮ್ಮನ ಭುಜ ಹಿಡಿದು ಅಲ್ಲಾಡಿಸಿದಳು.

“ಅಜ್ಜಿ ಸತ್ತಿಲ್ಲ! ನಾವು ಸುಮ್ನೆ ಹೇಳಿದ್ವಿ. ಕ್ಯೂ ತುಂಬ ಉದ್ದ ಇತ್ತು. ಡೀಸೆಲ್‌ಗೆ.”

ಅಳು ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮ ನಿಧಾನವಾಗಿ ತಿರುಗಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಬೆಗಾಯಿಮ್ ಕಣ್ಣು ಮುಚ್ಚಿಕೊಂಡಳು. ಅಮ್ಮ ಏನೂ ಮಾಡಲಿಲ್ಲ. ಅದು ಹೊಡೆತಕ್ಕಿಂತ ಜೋರಾಗಿ ತಾಗಿತು.

ಅದೇ ಹೊತ್ತಿಗೆ ಅಮ್ಮನ ಫೋನು ರಿಂಗಾಯಿತು. ಬೆಗಾಯಿಮ್‌ಳೇ ಎತ್ತಿ ಸ್ಪೀಕರ್ ಒತ್ತಿದಳು.

“ಮಗಳೇ, ಹಸು ಹೊಡ್ಕೊಂಡು ಬರೋಕೆ ಹೋಗಿದ್ದೆ ಕಣೆ,” ಎಂದಿತು ಅಜ್ಜಿಯ ದನಿ. “ವಾಪಸ್ ಬಂದ್ರೆ ಅಂಗಳದ ತುಂಬ ಜನ. ನನ್ ಹೆಸ್ರು ಹಿಡ್ದು ಅಳ್ತಿದ್ರು. ನನ್ನ ನೋಡಿ ಪಕ್ಕದ್ಮನೆ ಬೂಬುಶ್ ಮೂರ್ಛೆ ಹೋಗೋದೊಂದು ಬಾಕಿ. ಈಗ ಎಲ್ರಿಗೂ ಚಹಾ ಕಾಯಿಸ್ತಿದೀನಿ. ಸತ್ತೋಳ ಕೈ ಚಹಾ ಎಷ್ಟು ಜನಕ್ಕೆ ಸಿಗುತ್ತೆ ಹೇಳು!”

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಅಮ್ಮ ನಗಲಿಲ್ಲ.

“ಅಳಿಯಂದಿರು ಬಂಕಿನವರೆಗೂ ಬಂದಿದ್ರಂತೆ, ನಮ್ಮೂರವ್ರು ಯಾರೋ ನೋಡಿದ್ರು,” ಎಂದಳು ಅಜ್ಜಿ. ಈಗ ಅವಳ ದನಿಯಲ್ಲೂ ತಮಾಷೆ ಇರಲಿಲ್ಲ. “ಊರೆಲ್ಲ ಬಂತು ಮಗಳೇ, ನನ್ ಸಾವಿಗೆ. ನೀವು ಮಾತ್ರ ಬರ್ಲಿಲ್ಲ.”

ಅಮ್ಮ ಎದ್ದಳು. ಹೊರಗೆ ಹೋಗಿ ಪಿಕಪ್ಪಿನ ಬಾಗಿಲು ತೆಗೆದು ಕುಳಿತಳು.

“ಝಮೀಲ್ಯಾ, ವ್ಯಾಪಾರಿ ಕಾಯ್ತಿದಾನೆ… ಕ್ಯೂ ಬೇರೆ…” ಅಪ್ಪ ತೊದಲಿದ.

“ಗಾಡಿ ತಿರುಗ್ಸು.”

ಅಪ್ಪ ತಿರುಗಿಸಿದ. ದಾರಿಯಲ್ಲಿ ವ್ಯಾಪಾರಿಯ ಫೋನು ನಾಲ್ಕು ಸಲ ಬಂತು. ಐದನೇ ಸಲ ಬರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಹಿಂದೆಯೂ ಗಾಡಿಗಳು ಬಂದು ಸೇರಿ, ಅವರು ಕ್ಯೂನ ನಡುಮಧ್ಯದಲ್ಲಿದ್ದರು. ಆಗ ಪಕ್ಕದ ಮಣ್ಣು ದಾರಿಯಲ್ಲಿ ಧೂಳೆಬ್ಬಿಸುತ್ತ ಒಂದು ಬಿಳಿ ಕಾರು ಬಂತು. ಓಡಿಸುತ್ತಿದ್ದ ಹುಡುಗ ಇಳಿದು ಕೈ ಜೋಡಿಸಿದ.

“ಅಣ್ಣಾ, ದಾರಿ ಬಿಡಿ. ನಮ್ಮಪ್ಪ ಆಚೆ ಕೆಲ್ಸಕ್ಕೆ ಹೋಗಿದ್ರು, ಅಲ್ಲೇ ತೀರ್ಕೊಂಡ್ರು. ಕತ್ತಲಾಗೋದ್ರೊಳಗೆ ಮನೆಗೆ ತರ್ಬೇಕು.”

ಯಾರೂ ಅಂಗೈ ಎತ್ತಲಿಲ್ಲ. ಲಾರಿಗೆ ಒರಗಿದ್ದ ದಪ್ಪ ಮನುಷ್ಯ ಸಿಗರೇಟನ್ನೂ ಎಸೆಯಲಿಲ್ಲ.

“ಹೂಂ ಹೂಂ, ಬೆಳಿಗ್ಗೆನೂ ಒಬ್ಬನ ಅತ್ತೆ ಸತ್ತಿದ್ಳು. ಆಕೆ ಅಲ್ಲಿ ಚಹಾ ಕಾಯಿಸ್ತಾ ಕೂತಿದ್ಳಂತೆ! ನಮ್ಮನ್ನೇನು ಕುರಿ ಅಂದ್ಕೊಂಡ್ರಾ? ಟ್ಯಾಂಕ್ ಖಾಲಿ ಆದಾಗೆಲ್ಲ ನಿಮ್ಮನೇಲಿ ಒಬ್ರು ಸಾಯ್ತಾರಾ?”

“ಅಣ್ಣಾ, ದೇವರಾಣೆ…”

“ಫೋಟೋ ಇದ್ರೆ ತೋರ್ಸು. ಇಲ್ದಿದ್ರೆ ಹಿಂದೆ ಹೋಗು.”

ಹುಡುಗ ಫೋನು ತೆಗೆದು ಏನನ್ನೋ ಹುಡುಕತೊಡಗಿದ.

ಕಾರಿನ ಹಿಂದಿನ ಸೀಟಿನಲ್ಲಿ ಬೆಗಾಯಿಮ್‌ಳಷ್ಟೇ ದೊಡ್ಡ ಹುಡುಗಿಯೊಬ್ಬಳು ಕುಳಿತಿದ್ದಳು. ತಲೆಯ ಮೇಲೆ ಸ್ಕಾರ್ಫ್ ಇರಲಿಲ್ಲ. ಅವಳು ಅಳುತ್ತಲೂ ಇರಲಿಲ್ಲ. ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದಳು.

ಬೆಗಾಯಿಮ್ ಅಪ್ಪನ ಕಡೆ ನೋಡಿದಳು. ಅಪ್ಪ ಸ್ಟಿಯರಿಂಗಿನ ಕಡೆ ನೋಡುತ್ತಿದ್ದ. ಅವಳು ಬಾಗಿಲು ತೆಗೆದು ಇಳಿದಳು.

“ಮಾಮಾ, ಬೆಳಿಗ್ಗೆ ಸುಳ್ಳು ಹೇಳಿದ್ದು ನಾವು. ಇವರಲ್ಲ.”

ದಪ್ಪ ಮನುಷ್ಯ ಅವಳನ್ನು ನೋಡಿದ. ಆಮೇಲೆ ಪಿಕಪ್ಪನ್ನು ನೋಡಿದ. “ಓಹೋ, ಇದೇ ಗಾಡಿ! ಇವಳೇ ಅತ್ತೋಳು! ಯಾರ ಮಗುನೇ ನೀನು?”

ಪಿಕಪ್ಪಿನ ಬಾಗಿಲು ಮತ್ತೆ ತೆರೆಯಿತು. ಅಪ್ಪ ಇಳಿದು ಬಂದು ಅವಳ ಪಕ್ಕ ನಿಂತ. “ನನ್ನ ಮಗು,” ಎಂದ. “ಅವಳಿಗೆ ಹೇಳಿಕೊಟ್ಟೋನು ನಾನು.”

ಯಾರೋ ನೆಲಕ್ಕೆ ಉಗುಳಿದರು. ಮತ್ತಾರೋ ಅಪ್ಪನ ತಾಯಿಯ ಹೆಸರೆತ್ತಿ ಬೈದರು. ಕೊನೆಗೆ ದಪ್ಪ ಮನುಷ್ಯ ಸಿಗರೇಟು ಎಸೆದು ಲಾರಿಯನ್ನು ಪಕ್ಕಕ್ಕೆ ತೆಗೆದ. ಉಳಿದವರೂ ತೆಗೆದರು. ಬಿಳಿ ಕಾರು ಮುಂದೆ ಹೋಯಿತು. ಆ ಹುಡುಗಿ ಬೆಗಾಯಿಮ್‌ಳ ಕಡೆ ತಿರುಗಿಯೂ ನೋಡಲಿಲ್ಲ.

“ನೀವು ಹಿಂದೆ ಹೋಗಿ. ಎಲ್ರಿಗಿಂತ ಹಿಂದೆ,” ಎಂದ ದಪ್ಪ ಮನುಷ್ಯ.

ಅಪ್ಪ ಪಿಕಪ್ಪನ್ನು ಸಾಲಿನಿಂದ ಹೊರಗೆ ತೆಗೆದು, ಒಂದೊಂದೇ ಗಾಡಿಯನ್ನು ದಾಟಿಕೊಂಡು ಹಿಂದಕ್ಕೆ ಹೋದ. ಪ್ರತಿ ಕಿಟಕಿಯಿಂದಲೂ ಒಂದೊಂದು ಮುಖ ಅವರನ್ನು ನೋಡಿತು. ಈ ಸಲ ಬಗ್ಗು ಎಂದು ಅಪ್ಪ ಹೇಳಲಿಲ್ಲ. ಬೆಗಾಯಿಮ್‌ಳೂ ಬಗ್ಗಲಿಲ್ಲ.

ಅಮ್ಮನ ಫೋನು ಮತ್ತೆ ರಿಂಗಾಯಿತು. ಅಮ್ಮ ಅದನ್ನು ಬೆಗಾಯಿಮ್‌ಳ ಕೈಗೆ ಕೊಟ್ಟಳು.

“ಎಲ್ಲಿದ್ದೀರೇ?” ಅಜ್ಜಿ ಕೇಳಿದಳು.

“ಕ್ಯೂನಲ್ಲಿ, ಅಜ್ಜಿ.”

“ಮುಂದೆ ತುಂಬ ಜನ ಇದಾರಾ?”

“ಹೂಂ,” ಎಂದಳು ಬೆಗಾಯಿಮ್. “ಎಲ್ರೂ ಇದಾರೆ.”