ಮನೆ ನೋಡಿ ಹೋದವಳು

ನನಗೆ ಬ್ಯಾಡಗಿಗೆ ವರ್ಗವಾಗಿತ್ತು. ಹೆಂಡತಿ ನಂದಿತಾಳನ್ನು ವಿಜಯಪುರದಲ್ಲೇ ಬಿಟ್ಟು, ಬಾಡಿಗೆ ಮನೆ ಹುಡುಕಲು ಒಬ್ಬನೇ ಬಂದಿದ್ದೆ. ಆರನೆಯ ಮನೆಗೆ ಬರುವಷ್ಟರಲ್ಲಿ ಕಾಲುಗಳು ಸೋತಿದ್ದವು. ಬೀದಿಯ ತುಂಬ ಮೆಣಸಿನಕಾಯಿ ಘಾಟು. ಒಳಗೆ ಕಾಲಿಟ್ಟರೆ ಘಾಟೇ ಇಲ್ಲ. ಮಾರ್ಚ್ ಬಿಸಿಲಿನಲ್ಲೂ ಅಂಗಾಲು ಕೊರೆಯುವಷ್ಟು ತಣ್ಣಗಿನ ನೆಲ.

“ಮುಂಜಾನೆ ನಿಮ್ಮ ಮನಿಯವ್ರು ನೋಡಿ ಹೋದ್ರಲ್ರೀ,” ಎಂದರು ಮಾಲಕಿ ವೆಂಕೂಬಾಯಿ. “ನಂದಿತಾ ಅಂತ ಹೆಸರು ಹೇಳಿದ್ರು. ನೀಲಿ ಅಂಗಿ ಹಾಕ್ಕೊಂಡು ನಮ್ಮವರು ಬರ್ತಾರ ಅಂದ್ರು.”

ನಂದಿತಾಳಿಗೆ ಫೋನ್ ಮಾಡಿದೆ.

“ನಾ ಎಲ್ಲಿ ಬರ್ಲಿ? ಮಗಳಿಗೆ ಜ್ವರ, ಹೊಸ್ತಿಲಾ ದಾಟಿಲ್ಲ,” ಎಂದಳು.

ಇನ್ನೊಂದು ಮನೆ ಹುಡುಕುವ ಶಕ್ತಿ ನನ್ನಲ್ಲಿರಲಿಲ್ಲ. ಒಪ್ಪಿಕೊಂಡೆ.

ಮುಂದಿನ ವಾರ ನಂದಿತಾ ಬಂದಳು. ಅಡುಗೆಮನೆಯ ದೀಪದ ಸ್ವಿಚ್ ಕಪಾಟಿನ ಹಿಂದಿದೆ. ಎಷ್ಟು ಹುಡುಕಿದರೂ ನನಗೆ ಸಿಕ್ಕಿರಲಿಲ್ಲ. ಅವಳು ಮಾತಾಡುತ್ತಲೇ ಕೈ ಹಾಕಿ ಒತ್ತಿದಳು.