ವೀಣಳ ವಿಡಿಯೋದಲ್ಲಿ ನನ್ನ ರಾಜೇಂದ್ರ

"ಇದು ಭತ್ತ, ಕಬ್ಬಿನ ಮಣ್ಣು ನೋಡೋ ಜಾಗ. ಚೆಂಡಾಡೋ ಹುಲ್ಲಿಗೆ ಯಾರಾದ್ರೂ ಮಣ್ಣು ಪರೀಕ್ಷೆ ಮಾಡಿಸ್ತಾರೇನ್ರೀ?"

ಮಂಡ್ಯದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಶೋಭಿತಾ ಹೀಗೆ ಸಿಡುಕಿದ್ದು ಕೆರಗೋಡಿನ ರಾಜೇಂದ್ರನ ಮೇಲೆ. ಊರಿಗೆ ಬರುವಾಗ ಅವನು ಕೈಚೀಲದಲ್ಲಿ ತಂದಿದ್ದದ್ದು ಮಂಗಳೂರಿನ ಪಕ್ಕದ ಗಾಲ್ಫ್ ಮೈದಾನದ ಮರಳುಮಣ್ಣು. ಅಲ್ಲಿ ಹುಲ್ಲು ನೋಡಿಕೊಳ್ಳುವ ಮೇಲ್ವಿಚಾರಕ ಅವನು.

ಬೇರೆಯವನಾಗಿದ್ದರೆ ಚೀಲ ಎತ್ತಿಕೊಂಡು ಹೋಗುತ್ತಿದ್ದ. ಇವನು ನಕ್ಕುಬಿಟ್ಟ.

"ಮೇಡಂ, ನಮ್ ಹುಲ್ಲು ಕೂಸಿದ್ದಂಗೆ. ಒಂದಿನ ನೀರು ತಪ್ಪಿದ್ರೆ ಮಕ ಬಾಡಿಸ್ಕತದೆ. ಒಸಿ ನೋಡಿ."

ಆ ನಗುವಿಗೆ ಮೇಡಂ ಕರಗಿದಳು ಅಂತ ನಾನು ಹೇಳಿದರೆ ಅವಳು ಈಗಲೂ ಒಪ್ಪುವುದಿಲ್ಲ. ಮಣ್ಣು ನೋಡುವುದು ತನ್ನ ಡ್ಯೂಟಿ ಎನ್ನುತ್ತಾಳೆ. ಇರಲಿ. ಡ್ಯೂಟಿ ಮುಗಿದ ಮೇಲೂ ಫೋನಿನಲ್ಲಿ ಮಾತು ಮುಗಿಯಲಿಲ್ಲ...

ವರ್ಷ ತುಂಬುವುದರೊಳಗೆ ಮದುವೆಯ ಮಾತಿಗೇ ಬಂದರು. ಮಂಗಳೂರಿನ ಸುತ್ತ ನೋಡಲೇಬೇಕಾದ ಗಾಲ್ಫ್ ಮೈದಾನಗಳಿವೆ, ಎಲ್ಲವನ್ನೂ ತಾನೇ ಜೊತೆಯಲ್ಲಿದ್ದು ತೋರಿಸುತ್ತೇನೆ ಅಂತ ಅವನು ಮಾತು ಕೊಟ್ಟಿದ್ದ. ಆಟದ ಗಂಧಗಾಳಿ ಇಲ್ಲದಿದ್ದರೂ ಶೋಭಿತಾ ಕನಸಿನಲ್ಲಿ ಆ ಹಸಿರಿನ ಮೇಲೆ ಎಷ್ಟೋ ಸಲ ನಡೆದಾಡಿ ಬಂದಿದ್ದಳು.

ಆಮೇಲೆ ಬಂದಳು ನೋಡಿ, ವೀಣ!

ವೀಣ ಮದ್ದೂರು ಕಡೆಯ ಆತಗೂರಿನವಳು. ರಾಜೇಂದ್ರನ ಮೈದಾನದಲ್ಲೇ ಕೆಲಸ. ಹೊರಗಿನಿಂದ ಬರುವ ಆಟಗಾರರನ್ನು ಸುತ್ತಾಡಿಸುವುದು, 'ಮಂಗಳೂರಿಗೆ ಬಂದರೆ ನೋಡಲೇಬೇಕಾದ ಗಾಲ್ಫ್ ಮೈದಾನಗಳು' ಅಂತ ವಿಡಿಯೋ ಮಾಡಿ ಹಾಕುವುದು. ಒಂದರಲ್ಲಿ ಗುಡ್ಡದ ಮೇಲಿನ ಮೈದಾನ, ಕೆಳಗೆ ಹೊಳೆ. ಇನ್ನೊಂದರಲ್ಲಿ ತೆಂಗಿನ ಮರಗಳ ನಡುವೆ ಇಳಿದು ಕಡಲಿಗೆ ಮುಖ ಮಾಡಿದ ಮೈದಾನ. ಎಲ್ಲದರಲ್ಲೂ ಅವಳ ಪಕ್ಕ ನಿಂತು ಹುಲ್ಲಿನ ಗುಣ ವಿವರಿಸುವವನು ಯಾರು? ಶೋಭಿತಾಳ ರಾಜೇಂದ್ರ!

ನೋಡುವವರು ಕಡಲು ನೋಡಿದರು. ಶೋಭಿತಾ ನೋಡಿದ್ದು ವೀಣಳ ಭುಜಕ್ಕೂ ಅವನ ಭುಜಕ್ಕೂ ನಡುವಿನ ಜಾಗವನ್ನು. ಊಟದ ಹೊತ್ತಿನಲ್ಲಿ ನೋಡಿದಳು, ಬಸ್ಸಿನಲ್ಲಿ ನೋಡಿದಳು. ಇನ್ನು ಸಾಕು ಅಂತ ಫೋನನ್ನು ಬ್ಯಾಗಿಗೆ ಹಾಕಿ, ಮತ್ತೆ ತೆಗೆದು ನೋಡಿದಳು.

'ನಂಗೆ ತೋರಿಸ್ತೀನಿ ಅಂದ ಜಾಗಾನೆಲ್ಲ ಅವಳ ಜೊತೆ ಸುತ್ತಿ ಮುಗಿಸಿದ್ನಲ್ಲ...' ಅಂದುಕೊಂಡಳು.

ಕೇಳಿದರೆ ಅದು ಕೆಲಸ ಕಣೆ ಅಂದ. ಅವಳು ವಾರವಿಡೀ ಮಾತು ಬಿಟ್ಟಳು. ಅಂದಿನಿಂದ ರಾಜೇಂದ್ರ ವೀಣಳ ಹೆಸರೆತ್ತುವುದನ್ನೇ ಬಿಟ್ಟ. ಗಂಡಸರಿಗೆ ಇದೊಂದು ಬುದ್ಧಿ. ಹೇಳದಿದ್ದರೆ ಜಗಳವಿಲ್ಲ ಅಂದುಕೊಂಡಿರುತ್ತಾರೆ.

ಇತ್ತ ಅವಳ ತಾಯಿ ಯಶೋದಮ್ಮ ಮಳವಳ್ಳಿಯ ಸಂಬಂಧವೊಂದನ್ನು ನೋಡಿಟ್ಟಿದ್ದರು. ಗಂಡಿನ ಕಡೆಯವರು ಭಾನುವಾರ ಸಂಜೆಗೆ ಉತ್ತರ ಕೇಳಿದ್ದರು. ಅಷ್ಟರೊಳಗೆ ರಾಜೇಂದ್ರ ಮನೆಗೆ ಬಂದು ಹೆಣ್ಣು ಕೇಳಬೇಕು, ಇಲ್ಲದಿದ್ದರೆ ಮಳವಳ್ಳಿಗೆ ಒಪ್ಪಿಗೆ ಕೊಡುವುದು ಎಂದು ತಾಯಿ ಮಗಳ ನಡುವೆ ತೀರ್ಮಾನವಾಗಿತ್ತು. ಭಾನುವಾರ ಬೆಳಿಗ್ಗೆಯೇ ಬರುತ್ತೇನೆ ಎಂದಿದ್ದ ರಾಜೇಂದ್ರ.

ಬೆಳಿಗ್ಗೆ ಬಂದದ್ದು ಅವನ ಮೆಸೇಜು ಮಾತ್ರ. ಒಂದು ಕೆಲಸ ಬಿತ್ತು, ಸಂಜೆಗೆ ಬರುತ್ತೇನೆ ಅಂತ. ಫೋನು ಮಾಡಿದರೆ ಎತ್ತಲಿಲ್ಲ.

ಹಿಂದೆಯೇ ಸಂತೋಷನ ಫೋನು. ಕೇಂದ್ರದಲ್ಲಿ ಅವಳ ಜೊತೆ ಕೆಲಸ ಮಾಡುವವನು, ಊರು ಆತಗೂರು. ನಿಮ್ಮ ರಾಜೇಂದ್ರ ನಮ್ಮೂರ ಪಟ್ಟಲಮ್ಮನ ಗದ್ದೆಯಲ್ಲಿ ಪಂಚೆ ಎತ್ತಿ ಕಟ್ಟಿ ನಾಟಿ ಮಾಡುತ್ತಿದ್ದಾನೆ, ಮಗಳಿರುವ ಮನೆ, ಅಳಿಯ ಬಂದ ಅಂತ ಊರೆಲ್ಲ ಮಾತು ಎಂದ. ಪಟ್ಟಲಮ್ಮ ಅಂದರೆ ವೀಣಳ ತಾಯಿ.

ಶೋಭಿತಾ ಫೋನಿಟ್ಟಳು.

"ಅಮ್ಮ, ಮಳವಳ್ಳಿಯವ್ರಿಗೆ ಆಗ್ಲಿ ಅಂತ ಹೇಳ್ಬುಡು" ಅಂದವಳೇ ಚಪ್ಪಲಿ ಮೆಟ್ಟಿ ಆತಗೂರಿಗೆ ಹೊರಟಳು. ಒಪ್ಪಿದ ಮೇಲೆ ಅಲ್ಲಿಗೆ ಹೋಗುವುದೇಕೆ ಎಂದು ಯಶೋದಮ್ಮ ಕೇಳಿದ್ದು ಬರೀ ಬಾಗಿಲಿಗೆ ಕೇಳಿಸಿತು. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗಲೂ ಶೋಭಿತಾ ಅಳು ನುಂಗಿಕೊಂಡೇ ನಿಂತಿದ್ದಳು.

ಆತಗೂರಿನ ಗದ್ದೆಯ ಬದುವಿಗೆ ಬಂದರೆ, ಹೆಂಗಸರ ಸಾಲಿನಲ್ಲಿ ರಾಜೇಂದ್ರನೊಬ್ಬನೇ ಗಂಡಸು. ಮೊಣಕಾಲಿನವರೆಗೆ ಕೆಸರು. ಅವನ ಸಾಲು ಸೊಟ್ಟಗಿದೆ ಅಂತ ಹೆಂಗಸರು ರೇಗಿಸುತ್ತಿದ್ದರು.

"ಬಾ ಮೇಲಕ್ಕೆ" ಅಂದಳು ಶೋಭಿತಾ. "ಎಲ್ಲವ್ಳೆ ನಿನ್ನ ವೀಣ? ಕರಿ. ಅವಳ ಮುಂದೇನೇ ಕೇಳ್ತೀನಿ."

ರಾಜೇಂದ್ರನ ಕೈಯಿಂದ ಪೈರಿನ ಕಟ್ಟು ಜಾರಿತು. "ಅವಳು ಇಲ್ಲಿಲ್ಲ ಕಣೆ. ಮಂಗಳೂರಲ್ಲಿ ನನ್ನ ಹುಲ್ಲಿಗೆ ನೀರು ಬುಡ್ತಾವ್ಳೆ."

"ಸುಳ್ಳು."

ಆಗ ಬಾಯಿ ಬಿಟ್ಟವಳು ಬದುವಿನ ಮೇಲೆ ಕೂತಿದ್ದ ಪಟ್ಟಲಮ್ಮ. ಕೂಲಿಯಾಳು ಸಿಗುವುದಿಲ್ಲವೆಂದು ಅವರ ಬೀದಿಯವರು ಮುಯ್ಯಾಳು ಮಾಡಿಕೊಂಡಿದ್ದರು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಒಬ್ಬರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಒಬ್ಬರು. ಆಳು ಕಳಿಸದ ಮನೆಯ ಗದ್ದೆಗೆ ಯಾರೂ ಇಳಿಯುವುದಿಲ್ಲ. ಪಟ್ಟಲಮ್ಮನ ಸೊಂಟ ಬಗ್ಗುತ್ತಿರಲಿಲ್ಲ, ಹಾಗಾಗಿ ವರ್ಷವೂ ರಜೆ ಹಾಕಿ ಬರುತ್ತಿದ್ದವಳು ವೀಣ. ಈ ಸಲ ಮೈದಾನದವರು ವೀಣ, ರಾಜೇಂದ್ರ ಇಬ್ಬರಲ್ಲಿ ಒಬ್ಬರಿಗೇ ರಜೆ ಎಂದರು. ಹೆಣ್ಣು ಕೇಳಲು ಹೋಗುವವನಿಗೆ ವೀಣ ತನ್ನ ರಜೆ ಬಿಟ್ಟುಕೊಟ್ಟಳು. ಅವನ ಹುಲ್ಲಿನ ಕೆಲಸ ತನ್ನದು, ತನ್ನ ಗದ್ದೆಯ ಸರದಿ ಅವನದು ಎಂದು ಒಪ್ಪಂದವಾಯಿತು.

ಗಾಲ್ಫ್ ಹುಲ್ಲಿಗೂ ಭತ್ತದ ಪೈರಿಗೂ ಮುಯ್ಯಾಳು ಕಟ್ಟುವವರು ನಮ್ಮ ಕಡೆಯವರಲ್ಲದೆ ಇನ್ಯಾರು?

"ನೆನ್ನೇಗೇ ಮುಗೀಬೇಕಿತ್ತು ಕಣವ್ವ" ಅಂದಳು ಪಟ್ಟಲಮ್ಮ. "ನಾಲೆ ನೀರು ಬರೋದು ತಡವಾಯ್ತು. ಸಂಜೆಗಾದ್ರೂ ಓಯ್ತೀನಿ ಅಂತ ಬೆಳಗ್ಗಿಂದ ಸೊಂಟ ಎತ್ತದಂಗೆ ಗೇಯ್ತಾವ್ನೆ."

ಶೋಭಿತಾ ರಾಜೇಂದ್ರನ ಕಡೆ ತಿರುಗಿದಳು. ದನಿ ಇಳಿದಿತ್ತು. "ನಂಗ್ಯಾಕೆ ಹೇಳ್ಲಿಲ್ಲ?"

"ಅವಳ ಹೆಸ್ರೆತ್ತಿದ್ರೆ ಮಾತು ಬುಡ್ತೀಯ. ಹೆಣ್ಣು ಕೇಳೋ ದಿನವೇ ನೀನು ಮಾತು ಬುಟ್ರೆ ನಾನೇನ್ ಮಾಡ್ಲಿ... ಹೆದರಿಕೆ ಆಯ್ತು."

'ಅಯ್ಯೋ, ಮಳವಳ್ಳಿ!' ಶೋಭಿತಾ ಮನೆಗೆ ಫೋನು ಮಾಡಿದಳು. ಕೋಪದಲ್ಲಿ ಆಡಿದ ಮಾತೆಂದುಕೊಂಡು ತಾನಿನ್ನೂ ಮಳವಳ್ಳಿಯವರಿಗೆ ಏನೂ ಹೇಳಿಲ್ಲ, ಆದರೆ ಅವರು ಆಗಲೇ ಫೋನು ಮಾಡುತ್ತಿದ್ದಾರೆ, ಸಂಜೆ ದಾಟಿದರೆ ತಡೆಯಲಾರೆ ಎಂದರು ಯಶೋದಮ್ಮ.

ಗದ್ದೆಯಲ್ಲಿ ಇನ್ನೂ ಅರ್ಧ ನಾಟಿ ಬಾಕಿಯಿತ್ತು. ಅವನು ಎದ್ದು ಬಂದರೆ ಮನೆಯ ಆಳಿಲ್ಲದ ಗದ್ದೆಯಿಂದ ಉಳಿದವರೂ ಏಳುತ್ತಾರೆ, ವೀಣಳ ಮನೆಯ ಮಾತು ಹೋಗುತ್ತದೆ. ಬಾರದಿದ್ದರೆ ಶೋಭಿತಾಳ ಬಾಳು.

ಯಾರ ಹೆಸರು ಕೇಳಿದರೆ ಮೈ ಉರಿಯುತ್ತಿತ್ತೋ ಅವಳ ಗದ್ದೆ. ಶೋಭಿತಾ ಚಪ್ಪಲಿ ಬಿಟ್ಟಳು, ವೇಲನ್ನು ಸೊಂಟಕ್ಕೆ ಬಿಗಿದಳು, ಕೆಸರಿಗೆ ಇಳಿದೇಬಿಟ್ಟಳು. ಹೆಂಗಸರು ಪಕ್ಕಕ್ಕೆ ಸರಿದು ರಾಜೇಂದ್ರನ ಹತ್ತಿರವೇ ಜಾಗ ಮಾಡಿಕೊಟ್ಟರು.

ಬಗ್ಗಿ ಪೈರು ನೆಡುತ್ತಾ, ತಲೆಯೆತ್ತದೆ ಹೇಳಿದಳು.

"ನಂಗೆ ಈಗ್ಲೂ ಹೊಟ್ಟೆ ಉರೀತಾನೇ ಅದೆ, ಗೊತ್ತಿರ್ಲಿ."

"ಉರೀಲಿ ಬುಡು. ವಿಡಿಯೋದಲ್ಲಿ ನಿಂತಿದ್ದು ಕೆಲ್ಸಕ್ಕೆ. ಈ ಕೆಸರಲ್ಲಿ ನಿಂತಿರೋದು ನಿಂಗೋಸ್ಕರ..." ಅವನು ಇನ್ನೊಂದು ಪೈರು ನೆಟ್ಟ. "ಸಂಜೆ ನಿಮ್ಮಮ್ಮನ ಮುಂದೆ ಕೇಳಿದ್ರೆ ಏನಂತೀಯೆ?"

"ಸಂಜೆಗಂಟ ತಡ್ಕಳಾಕಾಗಲ್ಲ ನಂಗೆ. ಈಗ್ಲೇ ಒಪ್ಕಂಡಿದ್ದೀನಿ" ಅಂದಳು ಶೋಭಿತಾ. ಕಣ್ಣೀರು ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಕೆಸರಾಯಿತು. "ಬೇಗ ಕೈ ಆಡ್ಸು, ಅಮ್ಮ ಕಾಯ್ತಾವ್ರೆ."