ಎರಡನೇ ಸಾಲಿನ ಉಸಿರು

"ಯಾರೋ ನಮ್ಮಕ್ಕನ ಗಂಟಲನ್ನು ಎರಡನೇ ಸಲ ಕೊಯ್ದಿದ್ದಾರೆ," ಎಂದಳು ಹೆಸರಾಂತ ಗಾಯಕಿ, ನಮ್ಮ ಬಾಗಿಲಲ್ಲೇ ನಿಂತು.

ಪತ್ತೇದಾರನಾದ ನನ್ನ ಸೋದರಮಾವ ರೆಕಾರ್ಡಿಂಗ್ ಸ್ಟುಡಿಯೋದ ಮೇಲಿನ ಮಹಡಿಯಲ್ಲೇ ಬಾಡಿಗೆಗಿದ್ದ. ನಾನು ಅವನ ಬೆನ್ನಿಗೆ ಅಂಟಿಕೊಂಡವನು. ಇಬ್ಬರೂ ಚಪ್ಪಲಿ ಮೆಟ್ಟಿ ಕೆಳಗಿಳಿದೆವು.

ಎಲ್ಲರ ಬಾಯಲ್ಲೂ ಇದ್ದ ಒಂದು ಹಾಡನ್ನು ಮೂವರು ಹಾಡಿದ್ದರು. ಮೊದಲು ಅಕ್ಕ, ಅದು ಹೊರಗೆ ಬರಲೇ ಇಲ್ಲ. ವರ್ಷಗಳ ನಂತರ ಹಾಡಿದ ತಂಗಿಗೆ, ಅಂದರೆ ನಮ್ಮ ಬಾಗಿಲಿಗೆ ಬಂದವಳಿಗೆ, ಹೆಸರು ಬಂತು. ಈಚೆಗೆ ಗುಂಗುರು ಎಂಬ ಅಡ್ಡಹೆಸರಿನ ಹುಡುಗಾಟದ ಗಾಯಕ ಹಾಡಿ ಮೆರೆದ. ಅಷ್ಟರಲ್ಲಿ ಗಂಟಲ ಶಸ್ತ್ರಚಿಕಿತ್ಸೆಯಾಗಿ ಅಕ್ಕನಿಗೆ ಪಿಸುಮಾತಷ್ಟೇ ಉಳಿದಿತ್ತು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಟೇಪಿನಿಂದ ಟೇಪಿಗೆ ನಕಲು ತೆಗೆಯುವ ಕೆಲಸ ಮಾಡಿಕೊಂಡಿದ್ದಳು. ಅವಳ ಹಳೆಯ ಟೇಪು ಈಗ ಸಿಕ್ಕಿದ್ದರಿಂದ, ಮೂರೂ ಹಾಡು ಸೇರಿಸಿ ಕ್ಯಾಸೆಟ್ ತರುವುದೆಂದು ಆಗಿತ್ತು. ಬೆಳಿಗ್ಗೆ ನೋಡಿದರೆ ಟೇಪಿನಲ್ಲಿ ವಾದ್ಯಗಳಿದ್ದವು, ದನಿ ಇರಲಿಲ್ಲ.

"ದನಿಯ ಟ್ರ್ಯಾಕ್ ಮಾತ್ರ ಅಳಿಸಿದಾರೆ ಸರ್," ಎಂದ ಇಂಜಿನಿಯರ್. "ಬೇರೆ ನಕಲಿಲ್ಲ. ಇವತ್ತು ಸರಿಮಾಡಿ ತೆಗೀಬೇಕಿತ್ತು."

"ಸರಿಮಾಡೋಕೆ ಏನಿತ್ತು?"

"ಎರಡನೇ ಸಾಲಿನ ಮಧ್ಯದಲ್ಲೇ ಅಕ್ಕ ಉಸಿರು ತಗೊಂಡಿದ್ರು, ಪ್ರತಿ ಸಲಾನೂ. ಅದನ್ನ ಕತ್ತರಿಸಿ ಅಂತ ಮೇಡಂ ನಿನ್ನೆ ಎಲ್ಲರೆದುರೇ ಹೇಳಿದ್ರು."

"ಜನ ನಗಬಾರದಲ್ಲ!" ಎಂದಳು ತಂಗಿ. "ಇದು ಈ ಗುಂಗುರು ಕೆಲಸಾನೇ."

"ಆ ಮಿಷಿನ್ ಆನ್ ಮಾಡೋಕೂ ಬರಲ್ಲ ನಂಗೆ," ಎಂದ ಗುಂಗುರು. "ಅಕ್ಕನ ಹಾಡು ಹೊರಗೆ ಬಂದಿದ್ರೆ ಮಂಕಾಗ್ತಿದ್ದಿದ್ದು ನೀವು."

ಅಕ್ಕ ಮೂಲೆಯಲ್ಲಿ ಕೂತು ಖಾಲಿ ಸುರುಳಿಗೆ ಟೇಪು ಸುತ್ತುತ್ತಿದ್ದಳು. ತಲೆಯೆತ್ತಲಿಲ್ಲ.

ಮಾವ ತಂಗಿಯ ಹಾಡು ಕೇಳಿದ, ಗುಂಗುರುವಿನದು ಕೇಳಿದ. ಆಮೇಲೆ ಅಳಿಸಿದ ಟ್ರ್ಯಾಕನ್ನು ಹೆಡ್‌ಫೋನ್ ಹಾಕಿಕೊಂಡು, ಸದ್ದು ಪೂರ್ತಿ ಏರಿಸಿ ಕೇಳಿದ. ಅವನ ಮುಖ ಸಪ್ಪಗಾಯಿತು. ನಾಲ್ವರನ್ನೂ ಹತ್ತಿರ ಕೂರಿಸಿಕೊಂಡ.

"ದನಿ ಅಳಿಸೋಕೆ ಇಡೀ ಹಾಡು ಓಡಿಸಿ, ಅದರ ಮೇಲೆ ಮೌನವನ್ನ ರೆಕಾರ್ಡ್ ಮಾಡಬೇಕು. ಮಾಡಿದವರು ಮೈಕ್ ಮುಚ್ಚೋದು ಮರೆತಿದ್ದಾರೆ. ಇಂಜಿನಿಯರ್ ಆಗಿದ್ರೆ ಮೊದಲು ಅದನ್ನೇ ಮುಚ್ಚುತ್ತಿದ್ದ. ಗಾಯಕರಿಗೆ ಮಿಷಿನ್ ಗೊತ್ತಿಲ್ಲ. ಮಿಷಿನ್ ಗೊತ್ತಿದ್ದೂ ಮೈಕ್ ನೆನಪಾಗದೆ ಇರೋದು ನಕಲು ತೆಗೆಯೋರಿಗೆ. ಅವರು ದಿನಾ ಕೆಲಸ ಮಾಡೋ ಹಿಂದಿನ ಕೋಣೇಲಿ ಮೈಕೇ ಇಲ್ಲ."

ಸ್ಪೀಕರಿಗೆ ಹಾಕಿದ. ಸರಸರ ಸದ್ದಿನ ನಡುವೆ ಯಾರೋ ದನಿಯಿಲ್ಲದೆ ವಾದ್ಯಗಳ ಜೊತೆ ಹಾಡುತ್ತಿದ್ದರು, ಬರೀ ಗಾಳಿಯಲ್ಲಿ. ಎರಡನೇ ಸಾಲಿನ ಮಧ್ಯದಲ್ಲಿ ಉಸಿರು ಎಳೆದುಕೊಂಡರು.

"ಇವರಿಬ್ಬರೂ ಸಾಲಿನ ಕೊನೇಲಿ ಉಸಿರು ತಗೋತಾರೆ," ಎಂದ ಮಾವ. "ಮಧ್ಯದಲ್ಲಿ ತಗೊಳ್ಳೋದು ಒಬ್ಬರೇ."

"ಅಕ್ಕಾ, ನೀನಾ?" ತಂಗಿ ಎದ್ದು ನಿಂತಳು. "ನಿನಗೆ ಒಳ್ಳೇದಾಗ್ಲಿ ಅಂತ ತಾನೇ ಮಾಡಿಸ್ತಿದ್ದೆ!"

"ನಿನಗಾಗ ಎರಡು ವರ್ಷ," ಅಕ್ಕ ಪಿಸುಗುಟ್ಟಿದಳು. "ಜ್ವರ. ತೊಡೆಯಿಂದ ಇಳಿಸಿದ್ರೆ ಕಿರುಚ್ತಿದ್ದೆ. ಎದೆ ಮೇಲೆ ನಿನ್ನ ತಲೆ ಇಟ್ಕೊಂಡು ಹಾಡಿದೆ. ಪೂರ್ತಿ ಉಸಿರು ಎಲ್ಲಿಂದ ಬರ್ಬೇಕು? ಅದನ್ನ ತಪ್ಪು ಅಂತ ಕತ್ತರಿಸೋದಾದ್ರೆ ನನ್ನ ದನಿ ಒಂದೇ ಯಾಕೆ ಉಳೀಬೇಕು?"

ಇಂಜಿನಿಯರ್ ಕೆಮ್ಮಿದ. "ಮೇಡಂ, ಈ ಟೇಪು ಏನ್ಮಾಡ್ಲಿ?"

ತಂಗಿ ಕಣ್ಣೊರೆಸಿಕೊಂಡಳು. "ವಾದ್ಯ ಚೆನ್ನಾಗಿದೆ ಅಲ್ವಾ? ಅದರ ಮೇಲೆ ನಾನೇ ಹಾಡ್ತೀನಿ. ಅಕ್ಕನ ನೆನಪಿಗೆ ಅಂತ ಹಾಕೋಣ."

ಅಕ್ಕ ಇನ್ನೂ ಅಲ್ಲೇ ಕೂತಿದ್ದಳು. ಗಾಜಿನಾಚೆ ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ತಂಗಿ ಎರಡನೇ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸಿದಳು.